ಡವಾಲಿ ಬಿಚ್ಚಿದ ಮೇಲೆ

ಅಪ್ಪ ತೀರಿಕೊಂಡ ಏಳನೇ ದಿನ ನಾನೂ ನನ್ನ ತಮ್ಮನೂ ಸಿಂಧನೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೆವು. ದಿನಕರ್ಮಕ್ಕೆ ಕಟ್ಟು ಹಾಕಿಸಿದ ದೊಡ್ಡ ಫೋಟೋ ಬೇಕಿತ್ತು. ಮೊಬೈಲಿನಲ್ಲಿದ್ದ ಪಟಗಳೆಲ್ಲ ಕಾಯಿಲೆ ಬಿದ್ದ ಮೇಲಿನವು. ಆ ಮುಖವನ್ನು ಗೋಡೆಗೆ ಹಾಕಕೂಡದೆಂದು ಅವ್ವ ಹೇಳಿದ್ದಳು. ಆಧಾರ್ ಕಾರ್ಡಿನ ಪಟ ಅಪ್ಪನದೋ ಇನ್ಯಾರದೋ ಎಂದು ನಮಗೇ ಅನುಮಾನ ಬರುವಂತಿತ್ತು. ಟ್ರಂಕಿನ ತಳದಲ್ಲಿ ಸಿಕ್ಕಿದ್ದು ಒಂದೇ ಫೋಟೋ. ಅದು ಅಪ್ಪ ಕೆಲಸ ಮಾಡುತ್ತಿದ್ದ ಕಚೇರಿಯ ಗ್ರೂಪ್ ಫೋಟೋ.

ಸ್ಟುಡಿಯೋದ ಹುಡುಗ ಅದನ್ನು ಸ್ಕ್ಯಾನ್ ಮಾಡಿ, ಅಪ್ಪನ ತಲೆಯನ್ನಷ್ಟೇ ಹುಷಾರಾಗಿ ಕತ್ತರಿಸಿ ಪರದೆಯ ನಡುವೆ ಇಟ್ಟ. ಆಮೇಲೆ ಕೇಳಿದ: "ಯಾವ ಕೋಟು ಹಾಕ್ಲಿರೀ ಸರ? ಕರೀದು ಐತಿ, ನೀಲಿ ಐತಿ, ಸಫಾರಿನೂ ಐತಿ. ಬಿಳೀ ಅಂಗಿ ಮ್ಯಾಲೆ ಶಲ್ಯ ಬೇಕಂದ್ರ ಅದೂ ಐತಿ."

ಅವನ ಕಂಪ್ಯೂಟರಿನಲ್ಲಿ ತಲೆಯಿಲ್ಲದ ಬಟ್ಟೆಗಳ ಒಂದು ಉಗ್ರಾಣವೇ ಇತ್ತು. ಮೌಸ್ ಒಂದು ಸಲ ಒತ್ತಿದರೆ ಅಪ್ಪ ಬ್ಯಾಂಕಿನ ಮ್ಯಾನೇಜರ್ ಆಗುತ್ತಿದ್ದ. ಇನ್ನೊಂದು ಸಲ ಒತ್ತಿದರೆ ಪಂಚಾಯ್ತಿ ಅಧ್ಯಕ್ಷ. ಮತ್ತೊಂದು ಸಲ ಒತ್ತಿದರೆ ಮಗಳ ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳುವ ಶ್ರೀಮಂತ. ಮುಖ ಮಾತ್ರ ಅದೇ: ಯಾರೋ ಕರೆದಾರೆಂದು ಕಿವಿ ಕೊಟ್ಟು ನಿಂತ ಮುಖ. ತಮ್ಮ ಕರಿಯ ಕೋಟು ಆರಿಸಿದ. ನಾನು ಬೇಡವೆಂದೆ. ಹಾಗಾದರೆ ಅಪ್ಪ ಹಾಕಿಕೊಂಡಿದ್ದ ಬಟ್ಟೆಯಲ್ಲೇ ಇರಲೇ ಎಂದು ಅವನು ಕೇಳಿದ. ಅದಕ್ಕೂ ಥಟ್ಟನೆ ಹೂಂ ಅನ್ನಲು ನನಗೆ ಆಗಲಿಲ್ಲ.

ಅಪ್ಪ ಹಾಕಿಕೊಂಡಿದ್ದದ್ದು ಜವಾನನ ಉಡುಪು. ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಭುಜದಿಂದ ಸೊಂಟಕ್ಕೆ ಅಡ್ಡಲಾಗಿ ಕೆಂಪು ಡವಾಲಿ, ಡವಾಲಿಯ ಮೇಲೆ ಹಿತ್ತಾಳೆಯ ಬಿಲ್ಲೆ. ಒಂದು ಸರ್ಕಾರಿ ಕಚೇರಿಯಲ್ಲಿ ಅವನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಾಹೇಬರ ಬಾಗಿಲ ಮುಂದೆ ನಿಂತ. ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ. ಅಂಥವು ನಾಡಿನ ತುಂಬ ಇವೆ. ಫೋಟೋದಲ್ಲಿ ಸಾಹೇಬರು ಕುರ್ಚಿಗಳ ಮೇಲೆ ಕೂತಿದ್ದಾರೆ, ಗುಮಾಸ್ತರು ಹಿಂದೆ ನಿಂತಿದ್ದಾರೆ, ಎರಡು ತುದಿಗೆ ಜವಾನರು ದ್ವಾರಪಾಲಕರಂತೆ ನಿಂತಿದ್ದಾರೆ. ಕೆಳಗೆ ಎಡದಿಂದ ಬಲಕ್ಕೆ ಕೂತವರ ಹೆಸರುಗಳು ಅಚ್ಚಾಗಿವೆ. ನಿಂತವರ ಹೆಸರುಗಳೂ ಇವೆ. ಕೊನೆಯಲ್ಲಿ ಎರಡೇ ಪದ: 'ಮತ್ತು ಜವಾನರು'.

ಏನೂ ತೀರ್ಮಾನವಾಗದೆ ಸಂಜೆಯ ಬಸ್ಸು ಹತ್ತಿ ಮಸ್ಕಿಗೆ ಮರಳಿದೆವು. ದಾರಿಯಲ್ಲಿ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಇಳಿದಿದ್ದವು. ಅವನ್ನು ನೋಡಿದಾಗ ನೆನಪಾದದ್ದು ಬೇರೆ ಒಂದು ಬೆಳ್ಳಕ್ಕಿ. ಚೀನಾದ ಅಧಿಕಾರಿಯೊಬ್ಬನ ಎದೆಯ ಮೇಲೆ ಕೂತಿದ್ದದ್ದು.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಅಫೀಮು ಯುದ್ಧದ ಪಾಠಕ್ಕೆಂದು ಒಂದಷ್ಟು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿಟ್ಟುಕೊಂಡಿದ್ದೆ. ಕ್ಯಾಂಟನ್, ಅಂದರೆ ಇಂದಿನ ಗುವಾಂಗ್‌ಝೌ ಬಂದರಿನಲ್ಲಿ, ವಿದೇಶಿಯರಿಗೆ ಮಾರಲೆಂದೇ ಬರೆಯುತ್ತಿದ್ದ ಜಲವರ್ಣ ಚಿತ್ರಗಳು ಅವು. 1757ರಿಂದ 1842ರವರೆಗೆ ಯುರೋಪಿನ ಹಡಗುಗಳು ಚೀನಾದೊಂದಿಗೆ ವ್ಯಾಪಾರ ಮಾಡಲು ಆ ಒಂದು ಬಂದರಿಗೇ ಬರಬೇಕಿತ್ತು. ಬಂದವರು ನದಿಯ ದಂಡೆಯ ಕೋಠಿಗಳಲ್ಲಿ ಇರಬೇಕು, ಕೋಟೆಯೊಳಗಿನ ಊರಿಗೆ ಕಾಲಿಡುವಂತಿಲ್ಲ. ನೋಡಲಾಗದ ದೇಶವನ್ನು ಅವರು ಚಿತ್ರದಲ್ಲಿ ಕೊಂಡರು. ರೇಷ್ಮೆ ತೆಗೆಯುವವರು, ಚಹಾ ಹುರಿಯುವವರು, ಹೂವಿನ ಗಿಡ, ಚಿಟ್ಟೆ, ದೋಣಿ. ಇವುಗಳ ಜೊತೆಗೆ ಯಾವಾಗಲೂ ಒಂದು ಸರಣಿ ಇರುತ್ತಿತ್ತು: ಚಕ್ರವರ್ತಿಯ ಅಧಿಕಾರಿಗಳು, ತಮ್ಮ ತಮ್ಮ ಉಡುಪಿನಲ್ಲಿ.

ಹತ್ತೊಂಬತ್ತನೇ ಶತಮಾನದಲ್ಲಿ ಇವುಗಳಲ್ಲಿ ಬಹಳಷ್ಟನ್ನು ಬರೆದದ್ದು ಒಂದು ಗಿಡದ ಬೆಂಡಿನ ತೆಳು ಹಾಳೆಯ ಮೇಲೆ. ನಮ್ಮ ಮದುವೆಯ ಬಾಸಿಂಗವನ್ನು ಕಂಡವರಿಗೆ ಬೆಂಡಿನ ಗುಣ ಗೊತ್ತು. ಹಗುರ, ಬೆಳ್ಳಗೆ, ಮುಟ್ಟಿದರೆ ಮುರಿಯುತ್ತದೆ. ಅದರ ಮೇಲೆ ಬಣ್ಣ ಬಿದ್ದರೆ ಮಖಮಲ್ಲಿನಂತೆ ಉಬ್ಬಿ ಹೊಳೆಯುತ್ತದೆ. ಟಿಂಗ್‌ಕ್ವಾ ಎಂಬ ಹೆಸರಿನಿಂದ ವಿದೇಶಿಯರಿಗೆ ಪರಿಚಿತನಾಗಿದ್ದ ಚಿತ್ರಗಾರನ ಅಂಗಡಿ ಇಂಥ ಚಿತ್ರಗಳಿಗೆ ಹೆಸರಾಗಿತ್ತು. ಅಂಗಡಿಯಲ್ಲಿ ಒಂದು ಮಾದರಿ ರೇಖಾಚಿತ್ರ ಇರುತ್ತಿತ್ತು. ಅದರ ಮೇಲಿಂದಲೇ ಗೆರೆ ಎತ್ತಿಕೊಂಡು ಕೆಲಸಗಾರರು ಅದೇ ಅಧಿಕಾರಿಯನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಹನ್ನೆರಡು ಹಾಳೆ ಸೇರಿಸಿ, ರೇಷ್ಮೆಯ ರಟ್ಟು ಹಾಕಿ ಮಾರುತ್ತಿದ್ದರು. ಇಂಥವನ್ನು ನೋಡಿಯೇ 1800ರಲ್ಲಿ ಲಂಡನ್ನಿನಲ್ಲಿ ಚೀನಾದ ಉಡುಪುಗಳ ಮೇಲೆ ಅರವತ್ತು ಚಿತ್ರಗಳ ಒಂದು ಪುಸ್ತಕವೇ ಬಂತು. ಪು ಕ್ವಾ ಎಂಬ ಕ್ಯಾಂಟನ್ ಚಿತ್ರಗಾರನ ಕೆಲಸ ಅದರ ಮೂಲ. ಪುಸ್ತಕ ಮಾಡಿದವನು ಜಾರ್ಜ್ ಹೆನ್ರಿ ಮೇಸನ್.

ಚಿತ್ರಗಳಲ್ಲಿರುವ ಉಡುಪು ಕಲ್ಪನೆಯದಲ್ಲ. ಚಿಂಗ್ ಅರಸರ ಕಾಲದಲ್ಲಿ ಅಧಿಕಾರಿಗಳಿಗೆ ಒಂಬತ್ತು ದರ್ಜೆ. ಕಪ್ಪನೆಯ ಮೇಲಂಗಿಯ ಎದೆಗೂ ಬೆನ್ನಿಗೂ ಒಂದೊಂದು ಕಸೂತಿಯ ಚೌಕ. ನಾಗರಿಕ ಅಧಿಕಾರಿಗಾದರೆ ಅದರಲ್ಲಿ ಹಕ್ಕಿ: ಮೊದಲ ದರ್ಜೆಗೆ ಕ್ರೌಂಚ, ಮೂರನೆಯದಕ್ಕೆ ನವಿಲು, ಆರನೆಯದಕ್ಕೆ ಬೆಳ್ಳಕ್ಕಿ, ಎಂಟನೆಯದಕ್ಕೆ ಲಾವಕ್ಕಿ. ಸೇನೆಯವರಿಗೆ ಮೃಗ: ಸಿಂಹ, ಚಿರತೆ, ಹುಲಿ, ಕರಡಿ. ಟೊಪ್ಪಿಗೆಯ ತುದಿಯ ಗುಂಡಿನಲ್ಲಿ ಮಾಣಿಕ್ಯವಿದ್ದರೆ ಮೊದಲ ದರ್ಜೆ, ಹವಳವಿದ್ದರೆ ಎರಡನೆಯದು, ನೀಲವಿದ್ದರೆ ಮೂರನೆಯದು. ಇದನ್ನೆಲ್ಲ ಚಿತ್ರಸಹಿತವಾಗಿ ವಿವರಿಸುವ ಒಂದು ದೊಡ್ಡ ಗ್ರಂಥವನ್ನು ಚಿಯಾನ್‌ಲಾಂಗ್ ಚಕ್ರವರ್ತಿ 1759ರಲ್ಲಿ ಸಿದ್ಧಪಡಿಸಿದ್ದ. ಚೌಕವನ್ನು ಅಧಿಕಾರಿ ತನ್ನ ಖರ್ಚಿನಲ್ಲೇ ಮಾಡಿಸಿಕೊಳ್ಳಬೇಕು. ಬಡ್ತಿ ಬಂದರೆ ಹಳೆಯದನ್ನು ಬಿಚ್ಚಿ ಹೊಸದನ್ನು ಹೊಲಿಸಿದರೆ ಆಯಿತು. ಹೆಂಡತಿಯೂ ಗಂಡನ ದರ್ಜೆಯ ಚೌಕವನ್ನೇ ಹಾಕುತ್ತಿದ್ದಳು.

ಆ ರಾತ್ರಿ ನಿದ್ದೆ ಬರದೆ ಈ ಚಿತ್ರಗಳನ್ನು ಮತ್ತೆ ತೆರೆದೆ. ಕಸೂತಿಯ ಒಂದೊಂದು ಎಳೆ ಬರೆದಿದ್ದಾರೆ. ಬೂಟಿನ ಬಿಳಿಯ ಅಟ್ಟೆ ಬರೆದಿದ್ದಾರೆ. ಕೊರಳ ಹಾರದ ಮಣಿ ಬರೆದಿದ್ದಾರೆ. ಮುಖ ಮಾತ್ರ ಎಲ್ಲರದೂ ಒಂದೇ. ಕೆಳಗಿನ ಬರಹವೂ ಹಾಗೆಯೇ: ಇಂತಿಂಥ ದರ್ಜೆಯ ಅಧಿಕಾರಿ, ಅಧಿಕಾರಿಯ ಹೆಂಡತಿ, ಸೇನೆಯ ಅಧಿಕಾರಿ. ಇವರಲ್ಲಿ ಒಬ್ಬನಿಗೂ ಹೆಸರಿಲ್ಲ. ಹೆಸರು ಇರಲು ಆ ಮನುಷ್ಯನೇ ಇರಲಿಲ್ಲ. ಇದ್ದದ್ದು ಉಡುಪು, ಉಡುಪನ್ನು ತೂಗುಹಾಕಲು ಒಂದು ಮುಖ. 'ಮತ್ತು ಜವಾನರು' ಎಂಬ ಸಾಲು ನೆನಪಾಯಿತು. ವ್ಯತ್ಯಾಸ ಇಷ್ಟೇ: ಅಪ್ಪ ಇದ್ದ.

ಇದು ದೂರದ ಚೀನಾದ ಕಥೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಹೊರಟ ಕಾಲಿನ್ ಮೆಕೆಂಜಿ ಭೂಮಿಯ ನಕ್ಷೆಯ ಜೊತೆಗೆ ಜನರ ಉಡುಪಿನ ಚಿತ್ರಗಳನ್ನೂ ಬರೆಸಿಕೊಂಡ. ಇವತ್ತು ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ದಕ್ಷಿಣದಲ್ಲಿ ತಂಜಾವೂರು, ತಿರುಚಿನಾಪಳ್ಳಿಯ ಚಿತ್ರಗಾರರು ಕಂಪನಿಯ ಸಾಹೇಬರಿಗಾಗಿ ಜಾತಿಗೊಂದು ಜೋಡಿ, ಕಸುಬಿಗೊಂದು ಜೋಡಿ ಎಂದು ಗಂಡಹೆಂಡಿರನ್ನು ಬರೆದು ಮಾರಿದರು. ಕಾಗೆಬಂಗಾರದ ತೆಳು ಹಾಳೆಯ ಮೇಲೆ ಬರೆದ ಸೆಟ್ಟುಗಳೂ ಇದ್ದವು. ಕೆಳಗೆ ಒಂದು ರಟ್ಟಿನ ಮೇಲೆ ಮುಖ ಬರೆದಿರುತ್ತದೆ. ಮೇಲಿಡುವ ಪಾರದರ್ಶಕ ಹಾಳೆಗಳಲ್ಲಿ ಮುಖವಿಲ್ಲದ ಉಡುಪುಗಳು. ಒಂದು ಹಾಳೆ ಇಟ್ಟರೆ ಸಿಪಾಯಿ, ತೆಗೆದು ಇನ್ನೊಂದು ಇಟ್ಟರೆ ಅಡುಗೆಯವ, ಮತ್ತೊಂದು ಇಟ್ಟರೆ ಸನ್ಯಾಸಿ. ಸಿಂಧನೂರಿನ ಹುಡುಗ ಮೌಸಿನಲ್ಲಿ ಮಾಡುವುದನ್ನು ಅವರು ಇನ್ನೂರು ವರ್ಷದ ಹಿಂದೆ ಕೈಯಲ್ಲಿ ಮಾಡಿದ್ದರು.

ಕುಂಚದ ನಂತರ ಕ್ಯಾಮೆರಾ ಬಂತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಪ್ರಕಟವಾಯಿತು. ನಾಲ್ಕು ನೂರಕ್ಕೂ ಹೆಚ್ಚು ಫೋಟೋಗಳು, ಪ್ರತಿಯೊಂದಕ್ಕೂ ಒಂದು ಟಿಪ್ಪಣಿ: ಇವರು ಇಂಥ ಜಾತಿ, ಇವರ ಸ್ವಭಾವ ಇಂಥದ್ದು. ಅದರ ಬರವಣಿಗೆಯಲ್ಲಿ ಕೈಜೋಡಿಸಿದವರಲ್ಲಿ ನಮ್ಮ ಭಾಗಕ್ಕೆ ಚೆನ್ನಾಗಿ ಗೊತ್ತಿರುವ ಮೆಡೋಸ್ ಟೇಲರ್ ಕೂಡ ಒಬ್ಬ. 1841ರಿಂದ ಹನ್ನೆರಡು ವರ್ಷ ಸುರಪುರದಲ್ಲಿದ್ದ ಮನುಷ್ಯ. ಅಲ್ಲಿನ ಬಾಲರಾಜ ವೆಂಕಟಪ್ಪನಾಯಕ ಅವನನ್ನು 'ಅಪ್ಪಾ' ಎನ್ನುತ್ತಿದ್ದ. ಮುಂದೆ 1858ರಲ್ಲಿ ಅದೇ ರಾಜ ಬ್ರಿಟಿಷರ ವಿರುದ್ಧ ಎದ್ದಾಗ ಅವನ ಮೇಲೆ ಲಿಂಗಸೂಗೂರಿನ ದಂಡಿನಿಂದಲೂ ಪಡೆ ಹೊರಟಿತು. ಒಬ್ಬ ಹುಡುಗನನ್ನು ಮಗನಂತೆ ಹೆಸರಿಡಿದು ಬಲ್ಲವನು, ಒಂದು ಜನಾಂಗವನ್ನು ಮಾದರಿಯಾಗಿ ವಿವರಿಸುವ ಪುಸ್ತಕಕ್ಕೂ ಬರೆದ. ಇವೆರಡೂ ಒಬ್ಬನೇ ಮನುಷ್ಯನೊಳಗೆ ಇರಬಲ್ಲವು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ಹಾಗಾದರೆ ಮನುಷ್ಯನನ್ನು ಉಡುಪಿನಿಂದ ಗುರುತಿಸುವುದೇ ತಪ್ಪೇ? ನನ್ನ ಮೊದಲ ಉತ್ತರ ಹೌದು ಎಂದಿತ್ತು. ಉಡುಪು ಸುಳ್ಳು, ಒಳಗಿನ ಮನುಷ್ಯ ನಿಜ. ಕೇಳಲು ಚೆಂದದ ಮಾತು, ಚಪ್ಪಾಳೆಯೂ ಬೀಳುತ್ತದೆ. ಆದರೆ ಅಪ್ಪನ ಬದುಕು ಈ ಮಾತಿಗೆ ಒಪ್ಪುವುದಿಲ್ಲ.

ಊರಿನಲ್ಲಿ ನಮ್ಮ ಮನೆ ಇದ್ದದ್ದು ಊರ ಹೊರಗಿನ ಓಣಿಯಲ್ಲಿ. ಆ ಓಣಿಯ ಗಂಡಸರು ಗೌಡರ ಮನೆಯ ಕಟ್ಟೆಯ ಕೆಳಗೆ ನಿಂತು ಮಾತಾಡಬೇಕು. ನೋಟೀಸು ಮುಟ್ಟಿಸಲು ಅಪ್ಪ ಡವಾಲಿ ಹಾಕಿಕೊಂಡು ಹೋದಾಗ ಅದೇ ಕಟ್ಟೆಯ ಮೇಲೆ ಚಾಪೆ ಬೀಳುತ್ತಿತ್ತು. ಲೋಟದಲ್ಲಿ ನೀರು ಬರುತ್ತಿತ್ತು. ಹಬ್ಬಕ್ಕೋ ಸಾಲ ಕೇಳಲಿಕ್ಕೋ ಧೋತರ ಉಟ್ಟು ಹೋದಾಗ ಅವನು ಮತ್ತೆ ಕಟ್ಟೆಯ ಕೆಳಗೆ. ಮನುಷ್ಯ ಒಬ್ಬನೇ, ಕಟ್ಟೆ ಒಂದೇ, ನಡುವೆ ಇದ್ದದ್ದು ನಾಲ್ಕು ಬೆರಳಗಲದ ಕೆಂಪು ಪಟ್ಟಿ. ಅಪ್ಪನಿಗೆ ಇದು ಗೊತ್ತಿತ್ತು. ಅದಕ್ಕೇ ಡವಾಲಿಯ ಬಿಲ್ಲೆಯನ್ನು ಪ್ರತಿ ಭಾನುವಾರ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ಮನೆಗೆ ಬಂದ ಕೂಡಲೇ ಅದನ್ನು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ. ನಾನು ಚಿಕ್ಕವನಿದ್ದಾಗ ಒಮ್ಮೆ ಅದನ್ನು ಕೊರಳಿಗೆ ಹಾಕಿಕೊಂಡು ಆಡಲು ಹೋದರೆ ಕಸಿದುಕೊಂಡು ಹೇಳಿದ: "ಇದು ನಂದಲ್ಲೋ, ಸರಕಾರದ್ದು. ನಮಸ್ಕಾರ ಅದಕ್ಕ, ನನಗಲ್ಲ."

ಒಳಗಿನ ಮನುಷ್ಯನನ್ನು ಮಾತ್ರ ನೋಡಿ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? ಊರು ಒಳಗಿನ ಮನುಷ್ಯನನ್ನು ನೋಡುವ ಊರಾಗಿರಲಿಲ್ಲ. ಡವಾಲಿ ಇಲ್ಲದಾಗ ಅದು ನೋಡುತ್ತಿದ್ದದ್ದೂ ಒಂದು ಉಡುಪನ್ನೇ, ಹುಟ್ಟುವಾಗಲೇ ತೊಡಿಸಿದ, ಬಿಚ್ಚಲಾಗದ ಉಡುಪನ್ನು. ಅದರ ಮೇಲೆ ಹಾಕಿಕೊಳ್ಳಲು ಸಿಕ್ಕ ಡವಾಲಿ ಕೆಲವು ಗಂಟೆಗಳ ಮಟ್ಟಿಗೆ ಅದನ್ನು ಮುಚ್ಚಿತು. ಹುದ್ದೆಯ ಉಡುಪಿಗೆ ಈ ಒಂದು ನ್ಯಾಯ ಇದೆ: ಅದು ಹುಟ್ಟನ್ನು ಕೇಳುವುದಿಲ್ಲ.

ಇನ್ನೊಂದು ನ್ಯಾಯವೂ ಇದೆ. ಚೀನಾದಲ್ಲಿ ಅಧಿಕಾರಿಗಳ ತಪ್ಪು ಹುಡುಕುವ ಕೆಲಸದ ಪರಿಶೀಲಕರ ಎದೆಯ ಮೇಲೆ ಹಕ್ಕಿ ಇರುತ್ತಿರಲಿಲ್ಲ, ಷಿಯೆಝಿ ಎಂಬ ಒಂಟಿಕೊಂಬಿನ ಪುರಾಣದ ಪ್ರಾಣಿ ಇರುತ್ತಿತ್ತು. ಇಬ್ಬರು ಜಗಳವಾಡಿದರೆ ತಪ್ಪು ಯಾರದೋ ಅವನನ್ನೇ ಅದು ಇರಿಯುತ್ತದಂತೆ. ಅದನ್ನು ಎದೆಗೆ ಹೊಲಿಸಿಕೊಂಡವನು ಲಂಚ ತಿಂದರೆ ಅವನ ಉಡುಪೇ ಅವನ ವಿರುದ್ಧ ಸಾಕ್ಷಿ. ಉಡುಪು ತೊಟ್ಟವನು ಜನರಿಗೆ ಒಂದು ಮಾತು ಕೊಟ್ಟಿರುತ್ತಾನೆ: ನಾನು ಈಗ ನನಗಾಗಿ ನಿಂತಿಲ್ಲ, ನನ್ನನ್ನು ನೀವು ಪ್ರಶ್ನಿಸಬಹುದು. ಯಾವ ಗುರುತೂ ಇಲ್ಲದೆ ನಡೆಯುವ ಅಧಿಕಾರ ಇದಕ್ಕಿಂತ ಒಳ್ಳೆಯದೇನಲ್ಲ. ಯಾರನ್ನು ಕೇಳಬೇಕೆಂದೇ ತಿಳಿಯದ ಕಚೇರಿಯಲ್ಲಿ ಅಲೆದವರಿಗೆ ಇದು ಗೊತ್ತು. ಹಾಗೆಂದು ಉಡುಪು ತಾನಾಗಿ ಯಾರನ್ನೂ ಪ್ರಾಮಾಣಿಕನಾಗಿಸುವುದಿಲ್ಲ. ಚಿಂಗ್ ಅರಸರ ಖಜಾನೆ ಬರಿದಾದಾಗ ದರ್ಜೆಗಳೇ ಮಾರಾಟಕ್ಕಿದ್ದವು. ಹಣ ಕೊಟ್ಟು ಕೊಂಡ ಕ್ರೌಂಚಕ್ಕೂ ಓದಿ ಗಳಿಸಿದ ಕ್ರೌಂಚಕ್ಕೂ ಕಸೂತಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ತಪ್ಪು ಎಲ್ಲಿ ಶುರುವಾಗುತ್ತದೆ? ಉಡುಪನ್ನು ನೋಡುವುದರಲ್ಲಿ ಅಲ್ಲ, ನೋಡುವುದನ್ನು ಅಲ್ಲಿಗೇ ನಿಲ್ಲಿಸುವುದರಲ್ಲಿ ಎಂದು ನನಗೆ ಈಗ ಅನ್ನಿಸುತ್ತದೆ. ಚಪರಾಸಿ ಎಂಬ ಮಾತನ್ನೇ ನೋಡಿ. ಚಪರಾಸ್ ಎಂದರೆ ಬಿಲ್ಲೆ. ಬಿಲ್ಲೆ ಹಾಕಿಕೊಂಡವನು ಚಪರಾಸಿ. ಮನುಷ್ಯ ಬಿಲ್ಲೆಯನ್ನು ತೊಟ್ಟ, ಕೊನೆಗೆ ಬಿಲ್ಲೆ ಮನುಷ್ಯನ ಹೆಸರನ್ನು ನುಂಗಿತು. ಕಚೇರಿಯಲ್ಲಿ ಅಪ್ಪನನ್ನು ಕರೆಯಲು ಒಂದು ಗಂಟೆ ಇತ್ತು. ಗಂಟೆ ಇದ್ದಲ್ಲಿ ಹೆಸರಿನ ಅಗತ್ಯ ಬೀಳುವುದಿಲ್ಲ.

ಆದರೆ ಕಚೇರಿಯವರನ್ನು ದೂರಿ ಈ ಬರಹ ಮುಗಿಸಿದರೆ ನಾನು ಸುಳ್ಳು ಹೇಳಿದಂತೆ. ನಾನು ಡಿಗ್ರಿ ಓದುತ್ತಿದ್ದಾಗ ಒಂದು ದಿನ ಅಪ್ಪ ಟಪಾಲು ಹಿಡಿದು ನಮ್ಮ ಕಾಲೇಜಿಗೆ ಬಂದಿದ್ದ. ಪೂರ್ತಿ ಉಡುಪಿನಲ್ಲಿ. ಆಫೀಸಿನ ಹೊರಗಿನ ಬೆಂಚಿನ ಪಕ್ಕ, ಕೂರದೆ, ನಿಂತಿದ್ದ. ನಾನು ನಾಲ್ಕೈದು ಗೆಳೆಯರ ಜೊತೆ ಆ ಪಡಸಾಲೆಯಲ್ಲೇ ಹಾದುಹೋದೆ. ನನ್ನ ಕಣ್ಣು ಡವಾಲಿಯ ಮೇಲೆ ಬಿತ್ತು, ಬಿಲ್ಲೆಯ ಮೇಲೆ ಬಿತ್ತು, ರುಮಾಲಿನ ಮೇಲೆ ಬಿತ್ತು. ಮುಖಕ್ಕೆ ಏರಲಿಲ್ಲ. ಅವನು ನನ್ನನ್ನು ನೋಡಿದ್ದ. ಕರೆಯಲಿಲ್ಲ. ನಾನು ದಾಟುವವರೆಗೆ ಗೋಡೆಯ ಕಡೆ ತಿರುಗಿ ನೋಟೀಸ್ ಬೋರ್ಡ್ ಓದುವವನಂತೆ ನಿಂತ. ಅವನಿಗೆ ಸಹಿ ಮಾಡುವಷ್ಟು ಮಾತ್ರ ಓದು ಬರುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಆ ಮಾತು ಎತ್ತಲಿಲ್ಲ. ಮುಂದೆ ಎಂದೂ ಎತ್ತಲಿಲ್ಲ. ಈಗ ಎತ್ತಲು ಅವನಿಲ್ಲ.

ಕ್ಯಾಂಟನ್ನಿನ ಚಿತ್ರಗಾರ ಅಪರಿಚಿತರನ್ನು ಉಡುಪಾಗಿ ಬರೆದ. ಅದು ಅವನ ಹೊಟ್ಟೆಪಾಡು. ನಾನು ಮನುಷ್ಯನನ್ನು ಬರೆಯುತ್ತಿದ್ದೇನೆಂದು ಅವನು ಹೇಳಿಕೊಳ್ಳಲೂ ಇಲ್ಲ. ನಾನು ಮಾತ್ರ ಗೊತ್ತಿದ್ದವನನ್ನು, ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವನನ್ನು, ಹನ್ನೆರಡು ಹೆಜ್ಜೆಗಳ ದೂರದಲ್ಲಿ ಒಂದು ಉಡುಪಾಗಿ ಮಾಡಿಬಿಟ್ಟೆ. ಇಂಥದ್ದಕ್ಕೆ ಸಾಮ್ರಾಜ್ಯವೇ ಬೇಕೆಂದಿಲ್ಲ. ಒಂದು ಪಡಸಾಲೆ ಸಾಕು.

ಮರುದಿನ ಬೆಳಗ್ಗೆ ಗುಡ್ಡದ ಕಡೆ ಹೋದೆ. ನಮ್ಮೂರಿಗೆ ಬರುವ ಪ್ರವಾಸಿಗಳೆಲ್ಲ ಹೋಗುವ ಜಾಗ. ಅಶೋಕನ ಶಾಸನದ ಬಂಡೆ. 1915ರಲ್ಲಿ ಬಂಗಾರದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದದ್ದು. ಪಾಠದಲ್ಲಿ ಹತ್ತಾರು ಸಲ ಹೇಳಿದ ಕಥೆ, ಅವತ್ತು ಬೇರೆಯಾಗಿ ಕೇಳಿಸಿತು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ಕಂಬಗಳ ಮೇಲೂ ಬಂಡೆಗಳ ಮೇಲೂ ಮಾತಾಡುತ್ತಿದ್ದ ರಾಜನಿಗೆ ಹೆಸರೇ ಇರಲಿಲ್ಲ. ದೇವಾನಂಪಿಯ, ಪಿಯದಸಿ. ದೇವರಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು. ಇವು ಬಿರುದುಗಳು, ಮಾತಿನ ಉಡುಪುಗಳು. ದೇವಾನಂಪಿಯ ಎಂಬ ಬಿರುದನ್ನು ಸಿಂಹಳದ ತಿಸ್ಸ ರಾಜನೂ ತೊಟ್ಟಿದ್ದ. ಹಾಗಾಗಿ ಪ್ರಿನ್ಸೆಪ್ ಮೊದಲು ಇವನು ಸಿಂಹಳದ ರಾಜನಿರಬೇಕು ಎಂದುಕೊಂಡ. ಉಡುಪು ನೋಡಿ ಮನುಷ್ಯನನ್ನು ತಪ್ಪಾಗಿ ಗುರುತಿಸಿದ. ಸಿಂಹಳದ ಹಳೆಯ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್ ಇವನು ಮೌರ್ಯರ ಅಶೋಕ ಎಂದು ತಿದ್ದಿದ. ಅದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು ಎಪ್ಪತ್ತೆಂಟು ವರ್ಷಗಳ ನಂತರ, ನಮ್ಮ ಮಸ್ಕಿಯಲ್ಲಿ. ಇಲ್ಲಿ ಬಿರುದಿನ ಪಕ್ಕದಲ್ಲೇ ಹೆಸರೂ ಇದೆ: ದೇವಾನಂಪಿಯಸ ಅಶೋಕಸ. ಮುಂದೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮೊದಲು ಸಿಕ್ಕಿದ್ದು ಇಲ್ಲಿ.

ನಾನು ಮಕ್ಕಳಿಗೆ ಹೆಸರಿನ ಬಗ್ಗೆ ಹೇಳುತ್ತೇನೆ, ಪರೀಕ್ಷೆಗೆ ಬರುವುದು ಅದೇ. ಶಾಸನದ ಒಳಗಿನ ಮಾತನ್ನು ಬೇಗ ಬೇಗ ದಾಟಿಬಿಡುತ್ತೇನೆ. ಆ ಮಾತಿನ ತಾತ್ಪರ್ಯ ಇಷ್ಟು: ಧರ್ಮದಲ್ಲಿ ತೊಡಗಿದರೆ ಚಿಕ್ಕವನೂ ಈ ಗುರಿಯನ್ನು ಮುಟ್ಟಬಲ್ಲ, ದೊಡ್ಡವರಿಗಷ್ಟೇ ಇದು ಸಾಧ್ಯವೆಂದು ತಿಳಿಯಬಾರದು, ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು. ಚಕ್ರವರ್ತಿ ತನ್ನ ಸ್ವಂತ ಹೆಸರು ಹಾಕಿಸಿದ ಕಲ್ಲಿನ ಮೇಲೆಯೇ ಈ ಮಾತು ಇದೆ. ಇದನ್ನು ಅವನು ಬೇಕೆಂದೇ ಜೋಡಿಸಿದನೆಂದು ನಾನು ಹೇಳುವುದಿಲ್ಲ. ಆದರೆ ಚಿಕ್ಕವರು ದೊಡ್ಡವರೆಂಬ ದರ್ಜೆಯನ್ನು ದಾಟುವ ಮಾತು ಆಡುವಾಗ ಆಡುವವನ ಹೆಸರು ಇದ್ದರೇ ಸರಿ ಎಂದು ಆ ಬಂಡೆಯ ಮುಂದೆ ಅನ್ನಿಸಿತು. ಬಿರುದು ಆಜ್ಞೆ ಕೊಡಬಹುದು. ನೀನೂ ನಾನೂ ಒಂದೇ ಗುರಿ ಮುಟ್ಟಬಹುದು ಎಂದು ಹೇಳಲು ಒಬ್ಬ ಮನುಷ್ಯ ಬೇಕು.

ಮನೆಗೆ ಬಂದು ತಮ್ಮನಿಗೆ ಹೇಳಿದೆ: ಕೋಟು ಬೇಡ, ಅದು ಸುಳ್ಳು. ಅವನು ಬಹಳ ಹೊತ್ತು ಸುಮ್ಮನಿದ್ದು ಕೇಳಿದ: "ನಿನಗ ನೌಕರಿ ಬಂತು. ನೀನು ಕೋಟು ಹಾಕ್ಕೊಂಡು ಫೋಟೋ ತಗಸಿದಿ. ಅಪ್ಪಗ ಒಂದು ಕೋಟು ಹೊಲಿಸ್ಬೇಕು ಅಂತ ನಾನು ಎಷ್ಟು ವರ್ಷದಿಂದ ಅನ್ಕೊಂಡಿದ್ದೆ, ಗೊತ್ತೈತಿ ನಿನಗ?"

ಗೊತ್ತಿರಲಿಲ್ಲ. ಸುಳ್ಳು ಎಂಬ ಮಾತನ್ನು ನಾನು ಅವಸರದಲ್ಲಿ ಆಡಿದ್ದೆ. ಚೀನಾದಲ್ಲೇ ಇನ್ನೊಂದು ಬಗೆಯ ಚಿತ್ರಗಳಿದ್ದವು, ಮಾರಾಟಕ್ಕಲ್ಲ, ಪೂಜೆಗೆ. ತೀರಿಕೊಂಡ ತಂದೆತಾಯಿಯ ಚಿತ್ರ ಬರೆಸಿ ಹಬ್ಬದ ದಿನ ಅದಕ್ಕೆ ಕೈಮುಗಿಯುತ್ತಿದ್ದರು. ಚಿತ್ರಗಾರನ ಬಳಿ ಮುಖಗಳ ಮಾದರಿಯ ಪುಸ್ತಕ ಇರುತ್ತಿತ್ತು. ಮೂಗು ಇಂಥದ್ದು, ಕಣ್ಣು ಇಂಥದ್ದು ಎಂದು ಮನೆಯವರು ಆರಿಸಿ ಹೇಳುತ್ತಿದ್ದರು. ಉಡುಪಿನ ದೇಹ ಮೊದಲೇ ಸಿದ್ಧವಾಗಿರುವುದೂ ಇತ್ತು. ಮಗ ದೊಡ್ಡ ಅಧಿಕಾರಿಯಾದರೆ ತಂದೆಗೂ, ತೀರಿಕೊಂಡಿದ್ದರೂ, ಗೌರವದ ದರ್ಜೆಯನ್ನು ಚಕ್ರವರ್ತಿಯೇ ಕೊಡುತ್ತಿದ್ದ. ಬದುಕಿದ್ದಾಗ ಎಂದೂ ತೊಡದ ಕಸೂತಿಯನ್ನು ತಂದೆ ಚಿತ್ರದಲ್ಲಿ ತೊಡುತ್ತಿದ್ದ. ಅದೇ ಕಸೂತಿ, ಅದೇ ಕುಂಚ. ಒಂದು ಕಡೆ ಹೆಸರಿಲ್ಲದವನಿಗೆ ತೊಡಿಸಿ ಅಪರಿಚಿತರಿಗೆ ಮಾರಿದರು, ಇನ್ನೊಂದು ಕಡೆ ಹೆಸರಿದ್ದವನಿಗೆ ತೊಡಿಸಿ ಮಕ್ಕಳು ಕೈಮುಗಿದರು. ತಮ್ಮನ ಕರಿಯ ಕೋಟು ಎರಡನೆಯ ಬಗೆಯದು. ಅವನು ಅಪ್ಪನನ್ನು ಮುಚ್ಚಲು ಹೊರಟಿರಲಿಲ್ಲ. ತಡವಾಗಿ ಒಂದು ಬಟ್ಟೆ ಕೊಡಲು ಹೊರಟಿದ್ದ. ಅಪ್ಪನನ್ನು ಡವಾಲಿಯಲ್ಲೇ ಇಡಬೇಕೆಂಬ ನನ್ನ ಹಟದಲ್ಲಿ ಸತ್ಯದ ಪ್ರೀತಿ ಎಷ್ಟಿತ್ತು, ಪಡಸಾಲೆಯ ಪ್ರಾಯಶ್ಚಿತ್ತ ಎಷ್ಟಿತ್ತು ಎಂದು ನಾನೇ ಹೇಳಲಾರೆ.

ನಾವಿಬ್ಬರೂ ಅವ್ವನ ಹತ್ತಿರ ಹೋದೆವು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹೆಸರು ಬರಸ್ತೀರಿಲ್ಲೋ?"

ಅವ್ವ ಅಪ್ಪನ ಹೆಸರು ಹಿಡಿದು ಕರೆದದ್ದನ್ನು ನಾವು ಕ್ಡೆಗೂ ಕೇಳಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಮದುವೆಮುಂಜಿಯಲ್ಲಿ ಒಡಪು ಹೇಳುವಾಗ ಬಿಟ್ಟರೆ ಗಂಡನ ಹೆಸರು ಎತ್ತುವುದಿಲ್ಲ. ಕಚೇರಿಯಲ್ಲಿ ಯಾರಿಗೂ ಬೇಕಿರಲಿಲ್ಲವಾದ್ದರಿಂದ ಅಪ್ಪನ ಹೆಸರನ್ನು ಕರೆಯಲಿಲ್ಲ. ಮನೆಯಲ್ಲಿ ಬಹಳ ದೊಡ್ಡದಾಗಿತ್ತಾದ್ದರಿಂದ ಕರೆಯಲಿಲ್ಲ. ಹೊರಗಿನವರ ಕಿವಿಗೆ ಎರಡೂ ಒಂದೇ ಮೌನ.

ಈಗ ಸಿಂಧನೂರಿನಲ್ಲಿ ತಮ್ಮನ ಮನೆಯಲ್ಲಿ ಕರಿಯ ಕೋಟಿನ ಅಪ್ಪ ಇದ್ದಾನೆ. ಮಸ್ಕಿಯ ಮನೆಯಲ್ಲಿ ಡವಾಲಿಯ ಅಪ್ಪ. ಎರಡರ ಕೆಳಗೂ ಅವನ ಹೆಸರು ಪೂರ್ತಿಯಾಗಿ ಇದೆ. ನಿವೃತ್ತ ಜವಾನ ಎಂದು ಸೇರಿಸಬೇಕೇ ಎಂದು ಸ್ಟುಡಿಯೋದ ಹುಡುಗ ಕೇಳಿದ. ಬೇಡವೆಂದೆವು. ಆ ಒಂದರಲ್ಲಿ ನಾವಿಬ್ಬರೂ ಒಪ್ಪಿದೆವು.

ಅವನ ಹೆಸರೇನೆಂದು ನೀವು ಕೇಳಬಹುದು. ಇಲ್ಲಿ ಬರೆಯುವುದಿಲ್ಲ. ಇಷ್ಟು ಹೊತ್ತು ನಾನೂ ಅಪ್ಪನನ್ನು ಉಡುಪಿನಲ್ಲಿ ನಿಲ್ಲಿಸಿ, ಅವನನ್ನು ಕಾಣದವರಿಗೆ ತೋರಿಸಿದ್ದೇನೆ. ಇದು ಕ್ಯಾಂಟನ್ನಿನ ಅಂಗಡಿಯ ಕೆಲಸಕ್ಕಿಂತ ತೀರ ಬೇರೆಯಲ್ಲ. ಇಲ್ಲಿ ಹಾಕಿದರೆ ಆ ಹೆಸರೂ ಒಂದು ಉದಾಹರಣೆಯಾಗುತ್ತದೆ. ಅದು ಗೋಡೆಯ ಮೇಲಿರಲಿ. ನಾಳೆ ನೀವು ಯಾವುದೋ ಕಚೇರಿಗೆ ಹೋದಾಗ ಬಾಗಿಲ ಬಳಿ ನಿಂತವನನ್ನು ಒಳಗೆ ಸಾಹೇಬರಿದ್ದಾರೆಯೇ ಎಂದು ಕೇಳುತ್ತೀರಿ. ಅದಕ್ಕೆ ಮುಂಚೆ ಕೇಳಬಹುದಾದ ಇನ್ನೊಂದು ಪ್ರಶ್ನೆ ಇದೆ.